ಬೊದ್ರುಮ್ ಕೋಟೆ ಒಳಗೆ ಮುಳುಗಿದ ಹಡಗು ಎಂತಕ್ಕೆ ಉಂಟು?

ಈ ಸಲ ರಜೆಗೆ ದುಬೈಯಲ್ಲಿರೋ ತಮ್ಮನ ಮನೆಗೆ ಹೋಗಿದ್ದೆ, ಅಲ್ಲಿಂದ ಅವನು ನಾಲ್ಕು ದಿನ ಟರ್ಕಿಗೆ ಕರ್ಕೊಂಡು ಹೋದ, ಅಲ್ಲಿ ಬೊದ್ರುಮ್ ಅನ್ನೋ ಊರಲ್ಲಿ ಸಮುದ್ರಕ್ಕೆ ಚಾಚಿಕೊಂಡು ನಿಂತಿರೋ ದೊಡ್ಡ ಕೋಟೆ ನೋಡಿದ್ವಿ. ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದ ಕೂಡ್ಲೇ ಬಂದರಿನಲ್ಲಿ ಮಂಜಿ, ಅಂದ್ರೆ ಸರಕು ಸಾಗಿಸೋ ಮರದ ಹಡಗಿನ ವ್ಯವಹಾರದಲ್ಲೇ ಆಯುಷ್ಯ ಕಳೆದ ನಮ್ಮ ದೊಡ್ಡಪ್ಪನ ವಾಯ್ಸ್ ಮೆಸೇಜ್ ಬಂತು. "ಮಗಾ, ಕೋಟೆ ಚಂದ ಉಂಟು. ಆದ್ರೆ ಕೋಟೆ ಒಳಗೆ ಹಡಗು ಎಂತಕ್ಕೆ ತಂದಿಟ್ಟಿದ್ದಾರೆ? ಅದೂ ಮುಳುಗಿದ ಹಡಗು?"

ಅಲ್ಲಿಂದ ಶುರುವಾದ ಪ್ರಶ್ನೆಗಳು ನಿಲ್ಲಲೇ ಇಲ್ಲ, ಅತ್ತೆ ಕೇಳಿದ್ರು ನೀರಲ್ಲಿದ್ದ ಮರ ಕೊಳೆಯಲ್ವಾ ಅಂತ, ಅವರ ಮಗಳು ಕೇಳಿದ್ಲು ಇಷ್ಟು ಹಳೇದು ಅಂತ ಹೇಗೆ ಗೊತ್ತಾಗುತ್ತೆ ಅಂತ. ನಮ್ಮ ಕಡೆಯವರು ಈಗ ಗಲ್ಫಿನಿಂದ ಟರ್ಕಿ ಟೂರ್ ಹೋಗೋದು ಜಾಸ್ತಿಯಾಗಿದೆ, ಈ ಕೋಟೆ ಮುಂದೆ ಸೆಲ್ಫಿ ತೆಗೆದವರು ನಿಮ್ಮ ಪರಿಚಯದಲ್ಲೂ ಇರಬಹುದು. ಹಾಗಾಗಿ ಬುಡದಿಂದ ಬರೀತೇನೆ, ಏನೂ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ.

ಕ್ಯಾಸಲ್ ಅಂದ್ರೆ ನಮ್ಮ ಕೋಟೆಯಾ?

ಹೆಚ್ಚು ಕಡಿಮೆ ಹೌದು, ಆದ್ರೆ ಒಂದು ವ್ಯತ್ಯಾಸ ಉಂಟು. ನಾವು ಕೋಟೆ ಅನ್ನೋ ಒಂದೇ ಪದವನ್ನ ಊರ ಸುತ್ತಿನ ಗೋಡೆಗೂ ಹೇಳ್ತೇವೆ, ಬೆಟ್ಟದ ಮೇಲಿನ ದುರ್ಗಕ್ಕೂ ಹೇಳ್ತೇವೆ, ಬರೀ ಕಾವಲು ಗೋಪುರಕ್ಕೂ ಹೇಳ್ತೇವೆ. ಕ್ಯಾಸಲ್ ಅಂದ್ರೆ ಯುರೋಪಿನ ಮಧ್ಯಯುಗದಲ್ಲಿ ಒಬ್ಬ ಒಡೆಯನೋ ಒಂದು ಸೈನಿಕ ತಂಡವೋ ಒಳಗೇ ವಾಸ ಮಾಡ್ತಾ, ಅಲ್ಲಿಂದಲೇ ಯುದ್ಧಕ್ಕೂ ತಯಾರಾಗಿರ್ತಿದ್ದ ಕಟ್ಟಡ. ಅಡುಗೆಮನೆ, ಪ್ರಾರ್ಥನಾ ಮಂದಿರ, ನೀರಿನ ತೊಟ್ಟಿ, ಜೈಲು ಎಲ್ಲ ಒಂದೇ ಗೋಡೆ ಒಳಗೆ.

ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿ ನೋಡಿದ್ದೀರಲ್ಲ, 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಗುರುಪುರ ನದಿಗೆ ಶತ್ರುಗಳ ಹಡಗು ನುಗ್ಗಬಾರದು ಅಂತ. ಮೆಟ್ಟಿಲು ಹತ್ತಿ ತೂತುಗಳಲ್ಲಿ ಇಣುಕಿದ್ರೆ ಆಚೆ ತಣ್ಣೀರುಬಾವಿ ಕಾಣುತ್ತೆ, ಎರಡು ನಿಮಿಷದಲ್ಲಿ ನೋಡಿ ಮುಗಿಯುತ್ತೆ. ಅದು ಒಂದು ಕಣ್ಣು ಇದ್ದ ಹಾಗೆ. ಬೊದ್ರುಮ್ ಕೋಟೆ ಒಂದು ಇಡೀ ದೇಹ. ಕೆಲಸ ಮಾತ್ರ ಎರಡರದ್ದೂ ಒಂದೇ ಜಾತಿಯದ್ದು, ನೀರಿನ ದಾರಿ ಯಾರ ಕೈಯಲ್ಲಿ ಇರಬೇಕು ಅನ್ನೋದು. ಬೊದ್ರುಮ್ ಗೋಡೆ ಮೇಲೆ ನಿಂತ್ರೆ ಎದುರಿಗೆ ಗ್ರೀಸಿನ ಕೋಸ್ ದ್ವೀಪ ಕಾಣುತ್ತೆ, ಅಲ್ಲೂ ಇದನ್ನ ಕಟ್ಟಿದ ತಂಡದವರದ್ದೇ ಕೋಟೆ ಇತ್ತು, ಅಂದ್ರೆ ನಡುವಿನ ಸಮುದ್ರದಲ್ಲಿ ಹೋಗೋ ಹಡಗನ್ನ ಎರಡೂ ಕಡೆಯಿಂದ ಕಣ್ಣಿಡಬಹುದಿತ್ತು.

ಕಟ್ಟಿದವರು ಯಾರು

ಕಟ್ಟಿದವರಿಗೆ ಸಂತ ಜಾನ್‌ನ ನೈಟ್‌ಗಳು ಅಂತ ಹೆಸರು. ನೈಟ್ ಅಂದ್ರೆ ಕುದುರೆ ಮೇಲೆ ಕಾದಾಡೋ ಯೋಧ. ಆದ್ರೆ ಇವರು ಬರೀ ಯೋಧರಲ್ಲ, ಸನ್ಯಾಸಿಗಳ ಹಾಗೆ ವ್ರತ ತಗೊಂಡವರು, ಶುರುವಾಗಿದ್ದು ಜೆರುಸಲೇಮ್‌ಗೆ ಹೋಗೋ ಯಾತ್ರಿಕರಿಗೆ ಆಸ್ಪತ್ರೆ ನಡೆಸೋ ಗುಂಪಾಗಿ. ಮಠದ ಶಿಸ್ತು, ಆಸ್ಪತ್ರೆಯ ಸೇವೆ, ಸೈನ್ಯದ ಕತ್ತಿ ಮೂರೂ ಒಂದೇ ಕಡೆ ಸೇರಿದ್ದು ಅಂತ ಅಂದ್ಕೊಳ್ಳಿ.

ಇವರ ಮುಖ್ಯ ಜಾಗ ರೋಡ್ಸ್ ದ್ವೀಪ. ಟರ್ಕಿಯ ನೆಲದಲ್ಲಿ ಇಜ್ಮಿರ್‌ನಲ್ಲಿ ಒಂದು ಕೋಟೆ ಇತ್ತು, ಅದನ್ನ 1402ರಲ್ಲಿ ತೈಮೂರ್ ಕಿತ್ಕೊಂಡ. ನಮ್ಮ ದೆಹಲಿಯನ್ನ 1398ರಲ್ಲಿ ಲೂಟಿ ಮಾಡಿದ ಅದೇ ತೈಮೂರ್! ಇಜ್ಮಿರ್ ಹೋದ ಮೇಲೆ ಬೇರೆ ಜಾಗ ಬೇಕಾಯ್ತು, ಹಾಗೆ ಬೊದ್ರುಮ್‌ನ ಕಲ್ಲಿನ ಮೂಲೆಗೆ ಬಂದ್ರು. ಕೆಲಸಕ್ಕೆ ಜನ ಸಿಗಬೇಕಲ್ಲ, ಅದಕ್ಕೆ 1409ರಲ್ಲಿ ಪೋಪ್ ಒಂದು ಆಜ್ಞೆ ಹೊರಡಿಸಿ ಇಲ್ಲಿ ದುಡಿದವರಿಗೆ ಸ್ವರ್ಗದಲ್ಲಿ ಜಾಗ ಖಚಿತ ಅಂತ ಹೇಳಿದ್ರು. ಕೋಟೆಗೆ ಸಂತ ಪೀಟರ್ ಹೆಸರಿಟ್ರು, ಆ ಪೀಟರ್‌ನ ಲ್ಯಾಟಿನ್ ಹೆಸರಿನಿಂದಲೇ ಊರಿಗೆ ಬೊದ್ರುಮ್ ಅಂತ ಬಂತು ಅಂತ ಹೇಳ್ತಾರೆ.

ಒಳಗೆ ಹೋದ್ರೆ ಇಂಗ್ಲಿಷ್ ಗೋಪುರ, ಫ್ರೆಂಚ್ ಗೋಪುರ, ಇಟಾಲಿಯನ್ ಗೋಪುರ, ಜರ್ಮನ್ ಗೋಪುರ ಅಂತೆಲ್ಲ ಬೋರ್ಡ್ ಕಾಣುತ್ತೆ, ಇದೆಂತ ಅಂತ ನಂಗೂ ಮೊದಲು ಗೊತ್ತಾಗಿರ್ಲಿಲ್ಲ. ಈ ತಂಡದಲ್ಲಿ ಬೇರೆ ಬೇರೆ ದೇಶದವರಿದ್ರು, ಅವರನ್ನ ಭಾಷೆ ಪ್ರಕಾರ ಗುಂಪು ಮಾಡಿದ್ರು, ಆ ಗುಂಪಿಗೆ "ನಾಲಿಗೆ" ಅಂತಲೇ ಹೆಸರು. ಒಂದೊಂದು ನಾಲಿಗೆಗೆ ಗೋಡೆಯ ಒಂದೊಂದು ಭಾಗ. ರಿಪೇರಿ ಅವರದ್ದೇ, ಕಾವಲೂ ಅವರದ್ದೇ. ನಮ್ಮಲ್ಲಿ ಜಾತ್ರೆಗೆ ತೇರಿನ ಒಂದೊಂದು ಕೆಲಸ ಒಂದೊಂದು ಮನೆತನಕ್ಕೆ ಇರುತ್ತಲ್ಲ, ಹಾಗೆ. ಗೋಡೆಯಲ್ಲಿ ಕೆತ್ತಿರೋ ಗುರಾಣಿ ಆಕಾರದ ಲಾಂಛನಗಳು ಆಯಾ ನಾಯಕರ, ಮನೆತನಗಳ ಗುರುತು, ಅಂಥ 249 ಬಗೆಯವು ಈಗಲೂ ಉಳಿದಿವೆ. ಒಂದು ಗೋಪುರದ ತಳದ ಕತ್ತಲೆಕೋಣೆ ಬಾಗಿಲಲ್ಲಿ ಲ್ಯಾಟಿನ್‌ನಲ್ಲಿ "ಇಲ್ಲಿ ದೇವರಿಲ್ಲ" ಅನ್ನೋ ಅರ್ಥದ ಸಾಲು ಕೆತ್ತಿದ್ದಾರೆ, ಅದು ಚಿತ್ರಹಿಂಸೆ ಕೊಡೋ ಕೋಣೆಯಾಗಿತ್ತು. ಅಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಜಗತ್ತಿನ ಅದ್ಭುತವೊಂದು ಗೋಡೆ ಆದ ಕಥೆ

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಈ ಊರಿನ ಹೆಸರು ಹಲಿಕಾರ್ನಾಸಸ್. ಇತಿಹಾಸ ಬರೆದ ಹೆರೊಡೋಟಸ್ ಹುಟ್ಟಿದ್ದು ಇಲ್ಲೇ. ಇಲ್ಲಿ ಮೌಸೋಲಸ್ ಅಂತ ಒಬ್ಬ ಆಳ್ತಿದ್ದ, ಅವನು ಕ್ರಿಸ್ತಪೂರ್ವ 353ರಲ್ಲಿ ಸತ್ತ ಮೇಲೆ ಸುಮಾರು 45 ಮೀಟರ್ ಎತ್ತರದ ಸಮಾಧಿ ಎದ್ದಿತು, ಅದು ಪ್ರಾಚೀನ ಏಳು ಅದ್ಭುತಗಳಲ್ಲಿ ಒಂದು. ದೊಡ್ಡ ಸಮಾಧಿ ಕಟ್ಟಡಕ್ಕೆ ಮೌಸೋಲಿಯಮ್ ಅನ್ನೋದು ಇವನ ಹೆಸರಿಂದಲೇ ಬಂದದ್ದು.

ಭೂಕಂಪಗಳಿಂದ ಅದು ಕುಸಿದು ಬಿದ್ದಿತ್ತು. ನೈಟ್‌ಗಳಿಗೆ ಬೇಕಾಗಿದ್ದು ಕಲ್ಲು, ಪಕ್ಕದಲ್ಲೇ ನೀಟಾಗಿ ಕಡಿದಿಟ್ಟ ರಾಶಿ ಕಲ್ಲು, ಯಾರು ಬಿಡ್ತಾರೆ. ನಮ್ಮಲ್ಲೂ ಹಳೇ ಗುತ್ತಿನ ಮನೆ ಬಿಚ್ಚಿದಾಗ ಕಂಬ ಬಾಗಿಲು ಎಲ್ಲ ಯಾವುದೋ ರೆಸಾರ್ಟಿಗೆ ಹೋಗಿ ಸೇರೋದಿಲ್ವಾ. ಹಸಿರು ಛಾಯೆಯ ಕಲ್ಲುಗಳು ಗೋಡೆಗೆ ಹೋದವು, ಅಮೃತಶಿಲೆಯನ್ನ ಸುಟ್ಟು ಸುಣ್ಣ ಮಾಡಿದ್ರು. ಅಮೃತಶಿಲೆ ಸುಟ್ರೆ ಸುಣ್ಣ ಹೇಗಾಗುತ್ತೆ ಅಂದ್ರೆ, ನಮ್ಮ ಕರಾವಳಿಯಲ್ಲಿ ಮರ್ವಾಯಿ, ಅಂದ್ರೆ ಕಪ್ಪೆಚಿಪ್ಪಿನ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ರಲ್ಲ, ರಸಾಯನ ಅದೇ. ಚಿಪ್ಪಲ್ಲೂ ಅಮೃತಶಿಲೆಯಲ್ಲೂ ಇರೋದು ಕ್ಯಾಲ್ಸಿಯಂ ಕಾರ್ಬೊನೇಟ್, ಬೆಂಕಿಗೆ ಹಾಕಿದ್ರೆ ಇಂಗಾಲದ ಡೈಆಕ್ಸೈಡ್ ಹೊರಟು ಹೋಗಿ ಸುಡುಸುಣ್ಣ ಉಳಿಯುತ್ತೆ. ವ್ಯತ್ಯಾಸ ಇಷ್ಟೇ, ನಮ್ಮವರು ಸುಟ್ಟಿದ್ದು ತಿಂದು ಬಿಸಾಡಿದ ಚಿಪ್ಪು, ಅವರು ಸುಟ್ಟಿದ್ದು ಶಿಲ್ಪಗಳನ್ನ. ಸುಡದೆ ಉಳಿದ ಕೆಲವು ಕೆತ್ತನೆಗಳನ್ನ ಅಲಂಕಾರಕ್ಕೆ ಅಂತ ಕೋಟೆ ಗೋಡೆಗೆ ಕೂರಿಸಿದ್ರು, ಅದರಲ್ಲಿ ಹೆಚ್ಚಿನವು 1846ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋದವು.

ಕೋಟೆಯಿಂದ ಜೈಲು, ಜೈಲಿಂದ ಮ್ಯೂಸಿಯಂ

1522ರಲ್ಲಿ ಆಟೊಮನ್ ಸುಲ್ತಾನ್ ಸುಲೈಮಾನ್ ರೋಡ್ಸ್ ಗೆದ್ದ, ಮರುವರ್ಷದ ಶುರುವಿಗೇ ಬೊದ್ರುಮ್ ಕೂಡ ಶರಣಾಯ್ತು. ಒಳಗಿನ ಚರ್ಚು ಮಸೀದಿಯಾಯ್ತು. 1895ರಲ್ಲಿ ಜೈಲು ಮಾಡಿದ್ರು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಯುದ್ಧನೌಕೆ ಗುಂಡು ಹಾರಿಸಿ ಮಿನಾರ್ ಬೀಳಿಸಿತು. ಆಮೇಲೆ ಸುಮಾರು ವರ್ಷ ಅದನ್ನ ಕೇಳುವವರೇ ಇರ್ಲಿಲ್ಲ.

ಕಥೆ ತಿರುಗಿದ್ದು ಸ್ಪಂಜಿನಿಂದ. ಸ್ಪಂಜ್ ಅಂದ್ರೆ ನಾವು ಪಾತ್ರೆ ತೊಳೆಯೋ ಪ್ಲಾಸ್ಟಿಕ್ ತುಂಡಲ್ಲ, ನಿಜವಾದ ಸ್ಪಂಜ್ ಸಮುದ್ರದ ತಳದ ಬಂಡೆಗೆ ಅಂಟಿಕೊಂಡು ಬದುಕೋ ಒಂದು ಜೀವಿ. ಬೊದ್ರುಮ್ ಆಗ ಹೋಟೆಲುಗಳ ಊರಲ್ಲ, ಮೀನು ಹಿಡಿಯುವವರ, ಸ್ಪಂಜ್ ಕೀಳೋ ಮುಳುಗುಗಾರರ ಬಡ ಊರು. ಅವರು ದಿನಾ ತಳಕ್ಕೆ ಹೋಗ್ತಿದ್ರು, ಎಲ್ಲಿ ಹಳೇ ಮಡಕೆ ರಾಶಿ ಬಿದ್ದಿದೆ ಅನ್ನೋದು ಅವರಿಗೆ ಗೊತ್ತಿತ್ತು, ಕೇಳುವವರು ಮಾತ್ರ ಇರ್ಲಿಲ್ಲ. 1958ರ ಹೊತ್ತಿಗೆ ಪೀಟರ್ ಥ್ರಾಕ್‌ಮಾರ್ಟನ್ ಅನ್ನೋ ಅಮೆರಿಕದ ಪತ್ರಕರ್ತ ಅಲ್ಲಿ ಬಂದು ಇವರ ದೋಣಿಯಲ್ಲೇ ಓಡಾಡಿ ಒಬ್ಬೊಬ್ಬರ ಹತ್ತಿರ ಕೇಳಿ ಕೇಳಿ ಮುಳುಗಿದ ಹಡಗುಗಳ ಪಟ್ಟಿ ಮಾಡಿದ. ಅದರಲ್ಲಿ ಒಂದು ಗೆಲಿಡೋನ್ಯ ಭೂಶಿರದ ಹತ್ತಿರ ಇತ್ತು, ಸುಮಾರು 3200 ವರ್ಷ ಹಳೇದು. 1960ರಲ್ಲಿ ಜಾರ್ಜ್ ಬಾಸ್ ಅನ್ನೋ ಪುರಾತತ್ವಜ್ಞ ತಾನೇ ಮುಳುಗೋದು ಕಲಿತು ನೀರಿನಡಿಯಲ್ಲೇ ಅದನ್ನ ಅಗೆದ್ರು.

ಅದಕ್ಕಿಂತ ಮುಂಚೆ ಮುಳುಗುಗಾರರನ್ನ ಕಳಿಸಿ ಸಿಕ್ಕಿದ್ದನ್ನ ಎತ್ತಿ ತರಿಸೋದು, ವಿದ್ವಾಂಸರು ಮೇಲೆ ಕೂತು ನೋಡೋದು, ಹಾಗಿತ್ತು. ಹೊಲದಲ್ಲಿ ಅಗೆಯುವಾಗ ಯಾವುದು ಯಾವುದರ ಪಕ್ಕ ಇತ್ತು ಅಂತ ಗೆರೆ ಹಾಕಿ ಅಳೆದು ಚಿತ್ರ ಬರೀತಾರಲ್ಲ, ಅದನ್ನೇ ಸಮುದ್ರದ ತಳದಲ್ಲೂ ಮಾಡಬಹುದು ಅಂತ ಬಾಸ್ ತೋರಿಸಿದ್ರು. ಮೇಲೆ ಬಂದ ವಸ್ತುಗಳನ್ನ ಇಡೋದಕ್ಕೆ ಜಾಗ ಬೇಕಲ್ಲ? ಊರಲ್ಲಿ ದೊಡ್ಡ ಗಟ್ಟಿ ಕಟ್ಟಡ ಅಂದ್ರೆ ಖಾಲಿ ಬಿದ್ದಿದ್ದ ಕೋಟೆ. ಹಾಗೆ 1960ರ ದಶಕದಲ್ಲಿ ಅದು ನೀರಿನಡಿಯ ಪುರಾತತ್ವದ ಮ್ಯೂಸಿಯಂ ಆಯ್ತು. ದೊಡ್ಡಪ್ಪನ ಮೊದಲ ಪ್ರಶ್ನೆಗೆ ಉತ್ತರ ಇದೇ.

ಮುಳುಗಿದ ಹಡಗು ಎಂತಕ್ಕೆ ಅಷ್ಟು ಮುಖ್ಯ

ಭೂಮಿ ಮೇಲಿನ ಹಳೇ ಊರಲ್ಲಿ ಸಾವಿರ ವರ್ಷದ ಕಸ ಒಂದರ ಮೇಲೊಂದು ಕೂತಿರುತ್ತೆ, ಬೆಲೆ ಇದ್ದದ್ದನ್ನ ಯಾರಾದ್ರೂ ತಗೊಂಡು ಹೋಗಿರ್ತಾರೆ. ಲೋಹವನ್ನಂತೂ ಕರಗಿಸಿ ಇನ್ನೊಂದು ಮಾಡಿರ್ತಾರೆ. ಹಡಗು ಹಾಗಲ್ಲ, ಒಂದೇ ದಿನ, ಒಂದೇ ಗಳಿಗೆಯಲ್ಲಿ ಎಲ್ಲ ಒಟ್ಟಿಗೆ ಕೆಳಗೆ ಹೋಗುತ್ತೆ. ಅಡುಗೆಯವನ ಪಾತ್ರೆ, ವ್ಯಾಪಾರಿಯ ತಕ್ಕಡಿ, ನಾವಿಕನ ಗಾಳ, ಸರಕು, ಎಲ್ಲ. ಬೀಗ ಹಾಕಿದ ಅಂಗಡಿಯನ್ನ ಸಾವಿರಾರು ವರ್ಷದ ಮೇಲೆ ತೆರೆದ ಹಾಗೆ.

ಬೊದ್ರುಮ್ ಕೋಟೆಯಲ್ಲಿ ಇರೋದ್ರಲ್ಲಿ ಅತೀ ದೊಡ್ಡ ಕಥೆ ಉಲುಬುರುನ್ ಹಡಗಿನದ್ದು, ಟರ್ಕಿಯ ದಕ್ಷಿಣ ಕರಾವಳಿಯಲ್ಲಿ ಅದು ಸಿಕ್ಕ ಭೂಶಿರದ ಹೆಸರು ಉಲುಬುರುನ್. 1982ರಲ್ಲಿ ಮೆಹಮೆತ್ ಚಾಕಿರ್ ಅನ್ನೋ ಸ್ಪಂಜ್ ಮುಳುಗುಗಾರ ಮೇಲೆ ಬಂದು "ಕಿವಿ ಇರೋ ಲೋಹದ ಬಿಸ್ಕತ್ತು" ನೋಡಿದೆ ಅಂದ. ಬೇರೆ ಕಾಲದಲ್ಲಾದ್ರೆ ಆ ಮಾತು ದೋಣಿಯಲ್ಲೇ ಮುಗೀತಿತ್ತು. ಆದ್ರೆ ಅಷ್ಟೊತ್ತಿಗೆ ಪುರಾತತ್ವದವರು ಈ ಮುಳುಗುಗಾರರ ಹತ್ತಿರ ಹೋಗಿ ಇಂಥದ್ದು ಕಂಡ್ರೆ ಹೇಳಿ ಅಂತ ಚಿತ್ರ ತೋರಿಸಿಟ್ಟಿದ್ರು. ಕಿವಿ ಇರೋ ಬಿಸ್ಕತ್ತು ಅಂದ್ರೆ ತಾಮ್ರದ ಗಟ್ಟಿ, ನಾಲ್ಕು ಮೂಲೆಗೆ ಹಿಡಿಕೆ, ಹರಡಿಟ್ಟ ಎತ್ತಿನ ಚರ್ಮದ ಹಾಗೆ ಆಕಾರ, ಒಂದೊಂದು ಸುಮಾರು 24 ಕೆಜಿ. ಅಂಥವು 354 ಇದ್ದವು.

ಒಟ್ಟು ತಾಮ್ರ ಸುಮಾರು 10 ಟನ್. ಅದರ ಜೊತೆ ತವರ ಸುಮಾರು 1 ಟನ್. ಈ ಲೆಕ್ಕ ನೋಡಿ. ತವರ ಅಂದ್ರೆ ಮೊದಲೆಲ್ಲ ಮನೆ ಬಾಗಿಲಿಗೆ ಬಂದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ತಿದ್ರಲ್ಲ, ಅದೇ ಲೋಹ. ಹತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿಸಿ ಕರಗಿಸಿದ್ರೆ ಕಂಚು ಆಗುತ್ತೆ. ಅಂದ್ರೆ ಈ ಹಡಗಲ್ಲಿದ್ದದ್ದು ಅಳತೆ ಮಾಡಿಟ್ಟ 11 ಟನ್ ಕಂಚಿನ ಸಾಮಾನು, ಕತ್ತಿ, ಕೊಡಲಿ, ಪಾತ್ರೆ ಆಗೋದಕ್ಕೆ ಕಾಯ್ತಾ ಇದ್ದದ್ದು. ಕಂಚಿನ ಯುಗ ಅಂತ ಶಾಲೆಯಲ್ಲಿ ಓದಿದ್ದು ನಂಗೆ ಅರ್ಥ ಆಗಿದ್ದು ಆ ಕೋಣೆಯಲ್ಲಿ ನಿಂತಾಗಲೇ.

ಉಳಿದ ಸರಕು ಕೇಳಿ. ಗಾಢ ನೀಲಿ ಗಾಜಿನ ಗಟ್ಟಿಗಳು, ಆಫ್ರಿಕಾದ ಕರಿಮರ, ಆನೆದಂತ, ನೀರುಕುದುರೆಯ ಹಲ್ಲು, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು, ಉತ್ತರ ಯುರೋಪಿನ ಬಾಲ್ಟಿಕ್ ಕಡೆಯ ಅಂಬರ್ ಮಣಿ, ಜಾಡಿಗಟ್ಟಲೆ ಮರದ ರಾಳ, ದಾಳಿಂಬೆ, ಅಂಜೂರ, ಕೊತ್ತಂಬರಿ ಬೀಜ. ತಾಮ್ರ ಸೈಪ್ರಸ್‌ನದ್ದು. ಮೇಣ ತುಂಬಿ ಬರೆಯೋ, ಪುಸ್ತಕದ ಹಾಗೆ ಮಡಚೋ ಒಂದು ಪುಟ್ಟ ಮರದ ಹಲಗೆಯೂ ಸಿಕ್ಕಿತು, ದಂತದ ತಿರುಗಣೆ ಸಮೇತ. ಈಗಿನ ಸಿರಿಯಾ, ಲೆಬನಾನ್, ಇಸ್ರೇಲ್ ಕರಾವಳಿ ಕಡೆಯಿಂದ ಹೊರಟು ಪಶ್ಚಿಮಕ್ಕೆ ಹೋಗ್ತಿತ್ತು ಅಂತ ತಜ್ಞರ ಅಂದಾಜು.

ಇದನ್ನ ಓದುವಾಗ ನಂಗೆ ನೆನಪಾಗಿದ್ದು 2022ರ ಜೂನ್‌ನಲ್ಲಿ ಉಳ್ಳಾಲದ ಎದುರು ಮುಳುಗಿದ ಪ್ರಿನ್ಸೆಸ್ ಮಿರಾಲ್. ಚೀನಾದಿಂದ ಉಕ್ಕಿನ ಕಾಯಿಲ್ ತುಂಬ್ಕೊಂಡು ಲೆಬನಾನ್ ಕಡೆ ಹೊರಟಿದ್ದ ಹಡಗು, ಅದರಲ್ಲಿದ್ದ 15 ಮಂದಿ ಸಿರಿಯಾದವರನ್ನ ಕೋಸ್ಟ್‌ಗಾರ್ಡ್‌ನವರು ಉಳಿಸಿದ್ರು. 3300 ವರ್ಷದ ಮೇಲೂ ಅದೇ ಕರಾವಳಿ, ಅದೇ ಲೋಹದ ಭಾರ, ಅದೇ ಸಮುದ್ರ. ಉಲುಬುರುನ್‌ನವರನ್ನ ಉಳಿಸೋಕೆ ಯಾರಿದ್ರೋ.

ಇಷ್ಟು ಹಳೇದು ಅಂತ ಹೇಗೆ ಗೊತ್ತಾಗುತ್ತೆ

ಅತ್ತೆ ಮಗಳಿಗೆ ನಾನು ಹೇಳಿದ ಉದಾಹರಣೆ ಇದು. ಅಟ್ಟದಲ್ಲಿ ಬೀಗ ಹಾಕಿದ ಪೆಟ್ಟಿಗೆ ಸಿಕ್ಕಿತು ಅಂತಿಟ್ಕೊ, ಒಳಗೆ ನೋಟು ರದ್ದಾದ ಮೇಲೆ ಬಂದ ಹೊಸ 500ರ ನೋಟು ಒಂದೇ ಒಂದು ಇದ್ರೂ ಸಾಕು, ಆ ಪೆಟ್ಟಿಗೆ ಮುಚ್ಚಿದ್ದು 2016ರ ನವೆಂಬರ್ ನಂತರವೇ. ಉಲುಬುರುನ್ ಹಡಗಲ್ಲಿ ಅಂಥ ನೋಟು ಅಂದ್ರೆ ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರು ಕೆತ್ತಿದ ಪುಟ್ಟ ಚಿನ್ನದ ಮುದ್ರೆ, ಜೀರುಂಡೆ ಆಕಾರದ್ದು. ಅವಳು ಬದುಕಿದ್ದು ಕ್ರಿಸ್ತಪೂರ್ವ 14ನೇ ಶತಮಾನ, ಹಾಗಾದ್ರೆ ಹಡಗು ಅದಕ್ಕಿಂತ ಮುಂಚೆ ಮುಳುಗಿರೋದಕ್ಕೆ ಸಾಧ್ಯ ಇಲ್ಲ. ಇದರ ಜೊತೆ ಮಡಕೆಗಳ ಶೈಲಿ, ಮರದ ವಯಸ್ಸು ಎಲ್ಲ ಸೇರಿಸಿ 14ನೇ ಶತಮಾನದ ಕೊನೆ ಅಂತ ಹೇಳ್ತಾರೆ.

ನೀರಿನಡಿಯಲ್ಲಿ ಅಗೆಯೋದು

ಉಲುಬುರುನ್ ಹಡಗು ಬಿದ್ದಿದ್ದು 44 ಮೀಟರಿನಿಂದ ಶುರುವಾಗಿ ಕೆಳಗೆ 60 ಮೀಟರ್ ತನಕ ಇಳಿಜಾರಿನಲ್ಲಿ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಒಂದೊಂದು ವಾತಾವರಣದಷ್ಟು ಏರುತ್ತೆ, 50 ಮೀಟರಲ್ಲಿ ನಮ್ಮ ಮೇಲೆ ಈಗ ಇರೋದರ ಆರು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತೆ. ಗೋಲಿ ಸೋಡಾದಲ್ಲಿ ಗ್ಯಾಸ್ ಕರಗಿರುತ್ತಲ್ಲ, ಗೋಲಿ ಒತ್ತಿದ ಕೂಡ್ಲೇ ಭುಸ್ ಅಂತ ಗುಳ್ಳೆ ಎದ್ದು ಬರುತ್ತೆ. ಮುಳುಗಿದವರು ಗಡಿಬಿಡಿಯಲ್ಲಿ ಮೇಲೆ ಬಂದ್ರೆ ಅವರ ರಕ್ತದಲ್ಲೇ ಹಾಗಾಗುತ್ತೆ, ಕೈಕಾಲು ಬಿದ್ದು ಹೋಗಬಹುದು, ಜೀವವೇ ಹೋಗಬಹುದು. ಹಾಗಾಗಿ ಅಲ್ಲಲ್ಲಿ ನಿಂತು ನಿಂತು, ಗೋಲಿಯನ್ನ ನಿಧಾನಕ್ಕೆ ಸಡಿಲ ಮಾಡಿದ ಹಾಗೆ, ಮೇಲೆ ಬರಬೇಕು.

ಇದರ ಪರಿಣಾಮ ಎಂತ ಅಂದ್ರೆ, ತಳದಲ್ಲಿ ಒಬ್ಬರಿಗೆ ಒಂದು ಸಲಕ್ಕೆ 20 ನಿಮಿಷ, ದಿನಕ್ಕೆ ಎರಡು ಸಲ, ಅಷ್ಟೇ ಕೆಲಸ. 1984ರಿಂದ 1994ರ ತನಕ 11 ಬೇಸಗೆ, ಮೊದಲು ಜಾರ್ಜ್ ಬಾಸ್ ಆಮೇಲೆ ಜೆಮಾಲ್ ಪುಲಾಕ್ ನೇತೃತ್ವದಲ್ಲಿ, ಒಟ್ಟು 22,413 ಮುಳುಗು. ಒಂದು ಹಡಗಿಗೆ! ಬೇಸಗೆ ಮಾತ್ರ ಯಾಕೆ ಅಂದ್ರೆ ಅಲ್ಲಿ ಚಳಿಗಾಲದ ಸಮುದ್ರ ಕೆಟ್ಟದ್ದು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಲ್ತವಲ್ಲ, ಅಲ್ಲಿ ಚಳಿಗಾಲಕ್ಕೆ ಹಾಗೆ. ಹಳೇ ಕಾಲದ ಹಡಗುಗಳೂ ಅದೇ ಲೆಕ್ಕ ಹಿಡಿದು ಓಡಾಡ್ತಿದ್ದವು.

ಮರ ಕೊಳೆಯಲ್ವಾ?

ಕೊಳೆಯುತ್ತೆ, ಅದಕ್ಕಿಂತ ಮುಂಚೆ ಹುಳ ತಿನ್ನುತ್ತೆ. ಉಪ್ಪುನೀರಲ್ಲಿ ಮರ ಕೊರೆಯೋ ಒಂದು ಜೀವಿ ಉಂಟು, ಹುಳದ ಹಾಗೆ ಕಾಣುತ್ತೆ, ನಿಜಕ್ಕೂ ಅದು ಮರ್ವಾಯಿಯ ದೂರದ ಸಂಬಂಧಿ. ಅದಕ್ಕೆ ಹೆದರಿಯೇ ನಮ್ಮವರು ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ, ಮೀನೆಣ್ಣೆ ಬಳಿಯೋದು. ಹಾಗಾಗಿ ಹಡಗಿನ ಮೇಲ್ಭಾಗ ಎಲ್ಲ ಹೋಗಿಬಿಡುತ್ತೆ, ಸರಕಿನ ಭಾರಕ್ಕೆ ಮರಳಲ್ಲಿ ಹೂತು ಹೋದ ತಳದ ಹಲಗೆ ಮಾತ್ರ ಉಳಿಯುತ್ತೆ. ಮರಳಿನ ಒಳಗೆ ಆಮ್ಲಜನಕ ಇಲ್ಲ, ಹುಳಕ್ಕೆ ಉಸಿರಿಲ್ಲ. ಬಾವಿಯ ತಳಕ್ಕೆ ಹಾಕಿದ ನೆಲ್ಲಿಮರ ಎಷ್ಟೋ ವರ್ಷ ನೀರಲ್ಲೇ ಇದ್ದು ಗಟ್ಟಿ ಇರುತ್ತಲ್ಲ, ಹಾಗೆ.

ಅಪಾಯ ಇರೋದು ಮೇಲೆ ತಂದಾಗ. ಮರದ ಒಳಗಿನ ಸಣ್ಣ ಸಣ್ಣ ಗೂಡುಗಳ ಗೋಡೆ ಸವೆದು, ಬರೀ ನೀರು ತುಂಬಿಕೊಂಡು ಆಕಾರ ನಿಂತಿರುತ್ತೆ. ಬಿಸಿಲಿಗಿಟ್ರೆ ನೀರು ಆರಿ ಗೂಡು ಕುಸಿದು, ಸುರುಟಿ, ಸೀಳಿ ಹೋಗುತ್ತೆ. ಹಾಗಾಗಿ ನೀರು ಹೊರಗೆ ಬರುವಾಗ ಅದರ ಜಾಗಕ್ಕೆ ಇನ್ನೊಂದು ವಸ್ತು ಹೋಗಬೇಕು. ನೆಲ್ಲಿಕಾಯಿ ಮೊರಬ್ಬ ಮಾಡುವಾಗ ದಿನಾ ಸಕ್ಕರೆ ಪಾಕ ಗಟ್ಟಿ ಮಾಡ್ತಾ ಹೋಗ್ತೇವೆ, ಕಾಯಿಯ ನೀರು ಹೊರಗೆ, ಪಾಕ ಒಳಗೆ, ಕಾಯಿ ಮಾತ್ರ ಗುಂಡಗೇ ಇರುತ್ತೆ. ಇಲ್ಲಿ ಸಕ್ಕರೆ ಬದಲು ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ಮೇಣದಂಥ ವಸ್ತು, ನೀರಲ್ಲಿ ಕರಗುತ್ತೆ, ಮುಲಾಮುಗಳಲ್ಲೂ ಇರುತ್ತೆ. ತೊಟ್ಟಿಯಲ್ಲಿ ಮರ ಮುಳುಗಿಸಿ ಸ್ವಲ್ಪ ಸ್ವಲ್ಪವೇ ಸಾಂದ್ರತೆ ಏರಿಸ್ತಾರೆ, ಒಂದು ಹಡಗಿಗೆ ವರ್ಷಗಟ್ಟಲೆ ಹಿಡಿಯುತ್ತೆ.

ಮಡಕೆಗೆ ಬೇರೆ ಕಷ್ಟ, ಉಪ್ಪು. ಉಳ್ಳಾಲದಲ್ಲೋ ಪಡುಕೆರೆಯಲ್ಲೋ ಸಮುದ್ರದ ಬದಿ ಮನೆ ಇದ್ದವರಿಗೆ ಗೊತ್ತು, ಗೋಡೆ ಉಪ್ಪು ಹಿಡಿದು ಗಾರೆ ಹಕ್ಕಳೆ ಹಕ್ಕಳೆಯಾಗಿ ಬೀಳೋದು. ಉಪ್ಪು ಹರಳು ಕಟ್ಟುವಾಗ ಉಬ್ಬುತ್ತೆ, ಸುತ್ತಲಿನದ್ದನ್ನ ಒಡೆಯುತ್ತೆ. ಮಡಕೆಗೂ ಅದೇ. ಹಾಗಾಗಿ ಒಣಗೋದಕ್ಕೆ ಬಿಡದೆ ಸಿಹಿನೀರಲ್ಲಿ ನೆನೆಸಿ, ನೀರು ಬದಲಿಸಿ, ಮತ್ತೆ ನೆನೆಸಿ ಉಪ್ಪು ಬಿಡಿಸ್ತಾರೆ. ಮಳೆಗಾಲಕ್ಕೆ ಅಂತ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನ ಪಲ್ಯಕ್ಕೆ ಮುಂಚೆ ನಾಲ್ಕು ನೀರು ಬದಲಿಸಿ ಹಿಂಡ್ತೇವಲ್ಲ, ಕೆಲಸ ಅದೇ, ಅವಸರ ಮಾಡಿದ್ರೆ ಇಲ್ಲಿ ಬಾಯಿ ಉಪ್ಪಾಗುತ್ತೆ, ಅಲ್ಲಿ 3000 ವರ್ಷದ ಮಡಕೆ ಹೋಗುತ್ತೆ. ಅತ್ತೆಗೆ ಈ ಉತ್ತರ ತುಂಬ ಇಷ್ಟ ಆಯ್ತು.

ಗಾಜಿನ ಹಡಗು ಮತ್ತೆ ನಮ್ಮ ಮಂಗಳೂರು

ಉಲುಬುರುನ್ ಹಡಗಿನ ಮರ ಉಳಿದಿದ್ದು ಕಡಿಮೆ. ಕೋಟೆಯಲ್ಲಿ ನಿಜವಾದ ಹಲಗೆ ಜೋಡಿಸಿ ನಿಲ್ಲಿಸಿರೋದು ಸೆರ್ಚೆ ಲಿಮಾನಿ ಹಡಗು, ಟರ್ಕಿಯಲ್ಲೇ ಆ ಹೆಸರಿನ ಕೊಲ್ಲಿಯಲ್ಲಿ 1025ರ ಹೊತ್ತಿಗೆ ಮುಳುಗಿದ್ದು. ಉಳಿದದ್ದು ಸುಮಾರು ಐದರಲ್ಲಿ ಒಂದು ಪಾಲು, ಆ ತುಂಡುಗಳನ್ನ ಕಬ್ಬಿಣದ ಚೌಕಟ್ಟಿನ ಮೇಲೆ ಅವುಗಳ ಮೂಲ ಜಾಗಕ್ಕೇ ಕೂರಿಸಿದ್ದಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ನೋಡಿದವರಿಗೆ ಈ ಕೆಲಸದ ತಾಳ್ಮೆ ಎಂಥದ್ದು ಅಂತ ಗೊತ್ತಾಗುತ್ತೆ.

ಇದರಲ್ಲಿ 3 ಟನ್ ಗಾಜು ಇತ್ತು, ಹೆಚ್ಚಿನದ್ದು ಒಡೆದ ಗಾಜು ಮತ್ತೆ ಕಚ್ಚಾ ಗಾಜಿನ ತುಂಡು, ಮತ್ತೆ ಕರಗಿಸೋದಕ್ಕೆ ಅಂತ ಒಯ್ತಿದ್ದದ್ದು. ಗುಜರಿ. ಸಾವಿರ ವರ್ಷದ ಹಿಂದೆ ಗುಜರಿ ವ್ಯಾಪಾರ ಸಮುದ್ರ ದಾಟಿ ನಡೀತಿತ್ತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಸೆರ್ಚೆ ಲಿಮಾನಿ ಮುಳುಗಿ ನೂರು ಚಿಲ್ಲರೆ ವರ್ಷದ ಮೇಲೆ, 1132ರಿಂದ 1149ರ ಸುಮಾರಿಗೆ ನಮ್ಮ ಮಂಗಳೂರಲ್ಲೇ ಅಬ್ರಹಾಂ ಬೆನ್ ಯಿಜು ಅನ್ನೋ ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಇದ್ದ. ಅವನ ಪತ್ರಗಳು ಕೈರೋದ ಯಹೂದಿ ಮಂದಿರವೊಂದರ ಹಳೇ ಕಾಗದದ ಕೋಣೆಯಲ್ಲಿ ಉಳಿದು ಸಿಕ್ಕಿವೆ. ಯೆಮೆನ್‌ನ ಏಡನ್ ಬಂದರಿನ ವ್ಯಾಪಾರಿಗಳು ಅವನಿಗೆ ಒಡೆದ ತಾಮ್ರದ ಪಾತ್ರೆ, ಲೋಹ ಕಳಿಸ್ತಿದ್ರು, ಅವನು ಇಲ್ಲಿ ಹೊಸ ಪಾತ್ರೆ ಮಾಡಿಸಿ ವಾಪಸ್ ಕಳಿಸ್ತಿದ್ದ, ಜೊತೆಗೆ ಕಾಳುಮೆಣಸು, ಕಬ್ಬಿಣ, ಅಡಿಕೆ. ಬೊಮ್ಮ ಅನ್ನೋ ಇಲ್ಲಿನ ಆಳು ಅವನ ಪರವಾಗಿ ಏಡನ್ ತನಕ ಹೋಗಿ ವ್ಯವಹಾರ ಮಾಡ್ತಿದ್ದ. ಬೊದ್ರುಮ್ ಕೋಣೆಯಲ್ಲಿ ತಾಮ್ರದ ಗಟ್ಟಿ, ಗಾಜಿನ ಗುಜರಿ ನೋಡ್ತಾ ನಿಂತಾಗ ನಂಗೆ ಇದು ಬೇರೆಯವರ ಕಥೆ ಅಂತ ಅನ್ನಿಸ್ಲೇ ಇಲ್ಲ.

ಹಡಗು ಕಟ್ಟೋ ರೀತಿಯೂ ಈ ಎರಡು ಹಡಗಲ್ಲಿ ಬೇರೆ. ಉಲುಬುರುನ್‌ನಲ್ಲಿ ಹಲಗೆಯ ಅಂಚಿಗೆ ಗುಳಿ ತೋಡಿ, ಮರದ ನಾಲಿಗೆ ಸೇರಿಸಿ, ಹಲಗೆಗೆ ಹಲಗೆ ಜೋಡಿಸಿ ಮೈಯನ್ನೇ ಮೊದಲು ಕಟ್ಟಿದ್ದು. ಕೆಂಪುಕಲ್ಲಿನ ಹಳೇ ಮನೆಯಲ್ಲಿ ಗೋಡೆಯೇ ಭಾರ ಹೊರುತ್ತಲ್ಲ, ಹಾಗೆ. ಸೆರ್ಚೆ ಲಿಮಾನಿಯಲ್ಲಿ ಮೊದಲು ಪಕ್ಕೆಲುಬು ನಿಲ್ಲಿಸಿ ಆಮೇಲೆ ಹಲಗೆ ಹೊಡೆದದ್ದು, ಈಗಿನ ಪಿಲ್ಲರ್ ಬಿಲ್ಡಿಂಗಿನ ಹಾಗೆ. ಮರ ಕಡಿಮೆ, ಕೆಲಸ ಬೇಗ. ನಮ್ಮ ಸಮುದ್ರದಲ್ಲಿ ಮೂರನೇದು ಒಂದು ದಾರಿ ಇತ್ತು, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿಯೋದು. ಅದೇ ರೀತಿ ಹೊಲಿದು ಕಟ್ಟಿದ ಕೌಂಡಿನ್ಯ ಅನ್ನೋ ಹಡಗು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತಲ್ಲ.

ಹೋಗುವವರಿಗೆ

ಅರ್ಧ ದಿನ ಇಟ್ಕೊಳ್ಳಿ, ಒಂದು ಗಂಟೆಯಲ್ಲಿ ಆಗಲ್ಲ. ಮೆಟ್ಟಿಲು ತುಂಬ ಉಂಟು, ಸವೆದು ನುಣುಪಾದ ಕಲ್ಲು, ಚಪ್ಪಲಿ ಬೇಡ ಶೂ ಹಾಕಿ. ಮೊಣಕಾಲು ನೋವಿದ್ದವರು ಗೋಪುರ ಹತ್ತದೆ ಕೆಳಗಿನ ಕೋಣೆಗಳನ್ನೇ ನೋಡಿದ್ರೂ ಮುಖ್ಯವಾದದ್ದು ಸಿಗುತ್ತೆ. ಬೆಳಿಗ್ಗೆ ಬೇಗ ಹೋಗಿ, ಬೇಸಗೆಯ ಮಧ್ಯಾಹ್ನ ಕಲ್ಲು ಕಾದು ನಿಲ್ಲೋದಕ್ಕಾಗಲ್ಲ. ಮೊದಲು ಹಡಗುಗಳ ಕೋಣೆ, ಆಮೇಲೆ ಗೋಡೆ, ಇದು ನನ್ನ ಸಲಹೆ, ಯಾಕಂದ್ರೆ ಮೇಲೆ ಹತ್ತಿ ಸಮುದ್ರ ನೋಡುವಾಗ ಅದರ ತಳದಲ್ಲಿ ಎಂತೆಲ್ಲ ಇತ್ತು ಅನ್ನೋದು ತಲೆಯಲ್ಲಿರುತ್ತೆ. ಅಂಗಳದಲ್ಲಿ ಸಾಲಾಗಿ ಇಟ್ಟಿರೋ ಎರಡು ಹಿಡಿಕೆಯ ಚೂಪು ತಳದ ಜಾಡಿಗಳನ್ನ ಬಿಟ್ಟು ಹೋಗಬೇಡಿ, ಆ ಚೂಪು ತಳ ಹಡಗಲ್ಲಿ ಒಂದರ ಸಂದಿಗೆ ಇನ್ನೊಂದು ಕೂರೋದಕ್ಕೆ, ಎತ್ತಿ ಸುರಿಯುವಾಗ ಮೂರನೇ ಹಿಡಿಕೆಯ ಹಾಗೆ ಹಿಡಿಯೋದಕ್ಕೆ.

ಊರಿಗೆ ಬಂದ ಮೇಲೆ ದೊಡ್ಡಪ್ಪನಿಗೆ ಇದನ್ನೆಲ್ಲ ಕೂತು ಹೇಳಿದೆ. ಅವರು ನನ್ನ ಮೊಬೈಲಲ್ಲಿ ಸೆರ್ಚೆ ಲಿಮಾನಿಯ ಫೋಟೋವನ್ನ ಎರಡು ಬೆರಳಲ್ಲಿ ದೊಡ್ಡದು ಮಾಡಿ, ಪಕ್ಕೆಲುಬಿನ ಮರ ಹಲಗೆಗೆ ಸೇರೋ ಜಾಗ ನೋಡಿದ್ರು, ತುಂಬ ಹೊತ್ತು ನೋಡಿದ್ರು. ಆಮೇಲೆ ಲಕ್ಷದ್ವೀಪಕ್ಕೆ ಹೋಗ್ತಿದ್ದ ಒಂದು ಮಂಜಿಯ ಹೆಸರು ಹೇಳಿ, ಅದು ಎಲ್ಲಿ ಮುಳುಗಿತು, ಅದರಲ್ಲಿ ಎಷ್ಟು ಮೂಟೆ ಅಕ್ಕಿ, ಎಷ್ಟು ಸಾವಿರ ಹಂಚು ಇತ್ತು ಅಂತ ಒಂದೊಂದೇ ಹೇಳ್ತಾ ಹೋದ್ರು. ನಾನು ಪುಸ್ತಕ ತಂದು ಬರ್ಕೊಂಡೆ.